ಗದಗ ರೋಡಿನ ಜೋಡಿ

ಈ ತಿಂಗಳ ಭಿಶಿ ನನ್ನ ಹೆಸರಿಗೆ ಎದ್ದಿತು,
ಇಪ್ಪತ್ತನಾಲ್ಕು ಸಾವಿರ, ಅದರಾಗ ಎರಡು ನೋಟು ಹರಕ.
ಹಳೇ ಬೆಂಡ್ವಾಲಿ ಮುರಿಸು, ಮ್ಯಾಲ ಇಷ್ಟು ಹಾಕು,
ಕಿವಿ ತುಂಬತಾವ ಅಂದ್ಲು ಭಿಶಿ ನಡಸೂ ಅನಸವ್ವ.
ಹೂಂ ಅಂದೆ.
ಅಂದು, ಆಟೋದವಗ ಗದಗ ರೋಡ್ ಅಂದೆ.

ರೇಲ್ವೆ ವರ್ಕ್‌ಶಾಪಿನಾಗ ಮೂವತ್ತಾರು ವರ್ಷ ಫಿಟ್ಟರ್ ಇದ್ದ
ದಾದಾಪೀರ್ ಹಂಚಿನಾಳರ ಹಿತ್ತಲ ಖೋಲಿ.
ಗೋಡಿಗುಂಟ ಗಾಜಿನ ತೊಟ್ಟಿ, ಒಂದೊಂದಕ್ಕೂ ನಂಬರು
ಬೋಗಿಗೆ ಹಾಕಿದಂಗ, ಬಿಳೇ ಬಣ್ಣದಾಗ.
ಮೀನು ತೋರಸ್ರಿ ಅಂದ್ರ
ಅವರು ನನ್ನ ನೋಡಿದ್ರು.
ಮನ್ಯಾಗ ಕರೆಂಟ್ ದಿನಕ್ಕ ಎಷ್ಟು ಸಲ ಹೋಕ್ಕತಿ?
ನಳ ಎಷ್ಟು ದಿನಕ್ಕ?
ಎಂಟು ದಿನಕ್ಕೊಮ್ಮೆ, ಒಮ್ಮೊಮ್ಮೆ ಹತ್ತು.
ತುಂಬಿಟ್ಟು ಎಷ್ಟು ಹೊತ್ತು ಕಾಯ್ತೀರಿ?
ಊರಿಗೆ ಹೋದ್ರ ಯಾರ ನೋಡ್ಕೋತಾರ?
ಹೆಣ್ಣು ಕೊಡೂ ಮಂದಿ ಸೈತ ಇಷ್ಟು ಕೇಳೂದಿಲ್ಲ.
ನನ್ನ ಕೊಡೂಮುಂದ ಯಾರೂ ಕೇಳಿರಲಿಲ್ಲ.

ಕಡೀಕೆ ಒಂದು ಪೈಪಿನ ತುಂಡಿಗೆ ಬ್ಯಾಟರಿ ಹಿಡಿದ್ರು.
ಹೆಬ್ಬಟ್ಟಿನಷ್ಟು. ಕರಿ, ಬಿಳಿ, ಕರಿ,
ಪಟ್ಟಿ ಇಟ್ಟು ಗೆರಿ ಹೊಡದಂಗ.
ಎರಡು ಸೆಕೆಂಡು. ಒಳಗ ಹೋತು.
ಹಗಲೊತ್ತು ಹೊರಗ ಬರೂದಿಲ್ಲ, ಅಂದ್ರು,
ಮೊದಲ ಹೇಳೇನಿ, ಆಮ್ಯಾಲ ಅನಬ್ಯಾಡ್ರಿ.

ನಾನು ಅಮರಗೋಳ ಎಪಿಎಂಸ್ಯಾಗ ಮೆಣಸಿನಕಾಯಿ ಅಡತಿ ಲೆಕ್ಕದಾಕಿ.
ಚೀಲ ಬಿಚ್ಚಿದ್ರ, ಸೀನು ಬರೂದ್ರಾಗ ರೇಟು ಬರದಿರತೇನಿ:
ಬಣ್ಣಕ್ಕ ಇಷ್ಟು, ಸುಕ್ಕಿಗೆ ಇಷ್ಟು, ಹಸಿ ಇದ್ರ ಇಷ್ಟು ಕಡಿಮಿ.
ಅದಕ್ಕ ಕೇಳಿದೆ, ಜೋಡಿಗೆ ಇಪ್ಪತ್ತೆರಡು ಸಾವಿರ ಹೆಂಗಾತ್ರಿ?

ಮಾತಾಡಲಿಲ್ಲ. ಒಂದು ವಹಿ ತಗದ್ರು,
ಹನ್ನೊಂದು ವರ್ಷದ್ದು, ಮೂಲಿ ಎಲ್ಲಾ ನೀರುಂಡು ಉಬ್ಬಿತ್ತು.
ತತ್ತಿ ಹದಿಮೂರು, ಉಳದದ್ದು ಎರಡು.
ತತ್ತಿ ಒಂಬತ್ತು, ಬೂಷ್ಟು ಹತ್ತಿ ಎಲ್ಲಾ.
ಹೀಟರ್ ಕೆಟ್ಟ ರಾತ್ರಿ, ಮಗಳ ಅರಿಷಿಣದ ರಾತ್ರಿ ಅದು, ನಾಲ್ವತ್ತೊಂದು.
ಆ ಸಾಲಿನ ಮುಂದ ಏನೂ ಇಲ್ಲ,
ಪೆನ್ನು ಒತ್ತಿ ನಿಲ್ಲಿಸಿದ್ದೊಂದು ಚುಕ್ಕಿ.
ನಮ್ಮ ವಹ್ಯಾಗ ಹಮಾಲಿ ಬರೀತೇವಿ, ದಲಾಲಿ ಬರೀತೇವಿ,
ಚೀಲದ ತೂಕ ಸೈತ ಕಳದು ಬರೀತೇವಿ.
ಸತ್ತದ್ದಕ್ಕ ಕಾಲಮ್ ಹಾಕಿದ್ದು ಇಲ್ಲೇ ನೋಡಿದೆ.
ಐನೂರು ಬಿಡ್ರಿ ಅಂದೆ, ಚಾಳಿ.
ಬಿಡಲಿಲ್ಲ. ಪೈಪ್ ಪುಕ್ಕಟ ಕೊಟ್ರು.

ಇದರ ಊರು?
ಸಮುದ್ರದಾಚೆ ಯಾವುದೋ ಹೊಳಿ, ಹೆಸರು ಎರಡು ಸಲ ಹೇಳಿದ್ರು,
ನನ್ನ ನಾಲಿಗ್ಗೆ ಹತ್ತಲಿಲ್ಲ.
ಆ ಹೊಳ್ಯಾಗ ಈಗ ಹಿಡಿಯೂಹಂಗಿಲ್ಲಂತ, ಒಡ್ಡೂ ಕಟ್ಯಾರಂತ.
ಹೊಳಿ ನೋಡಿದ್ದು ಇದರ ಮುತ್ತಜ್ಜಿ.
ಅಜ್ಜಿ ಕೋಲ್ಕತ್ತಾದಾಗ, ಯಾರದೋ ಮಾಳಗಿ ಮ್ಯಾಲ.
ಅವ್ವ ಇಲ್ಲೇ, ಎಂಟನೇ ನಂಬರಿನ ತೊಟ್ಯಾಗ.
ಹಂಗಾದ್ರ ಇವು ಹುಬ್ಬಳ್ಳಿಯವ.
ಮಲಪ್ರಭಾದ ನೀರಾಗ ಹುಟ್ಟ್ಯಾವ, ನನ್ನಂಗ.
ನಾನೂ ಮಲಪ್ರಭಾ ನೋಡಿಲ್ಲ, ನಳದಾಗ ಬಂದಷ್ಟ.

ಚನ್ನಮ್ಮ ಸರ್ಕಲ್ಲಿನ ಸಿಗ್ನಲ್‌ನ್ಯಾಗ
ತೊಡಿ ಮ್ಯಾಲಿನ ಪ್ಲಾಸ್ಟಿಕ್ ಚೀಲಕ್ಕ ಗಲ್ಲ ಹಚ್ಚಿ ನೋಡಿದೆ,
ನೀರು ತಣ್ಣಗಾಗೇತೇನಂತ.
ಆಟೋದವ ಕನ್ನಡ್ಯಾಗ ನನ್ನ ನೋಡಿದ.

ಎಷ್ಟು ಕೊಟ್ಟಿ? ಅಂದ್ರು ಮನಿಯವರು.
ಎಂಟ್ನೂರು ಅಂದೆ.
ಎಂಟ್ನೂರಾ! ಅಂತ ತಲಿ ಹಿಡಕೊಂಡು ಕುಂತ್ರು.

ಈಗ ನಳ ಬಂದ ದಿನ ಮೊದಲ್ನೇ ಕೊಡ ಅವಕ್ಕ,
ಎರಡ್ನೇದು ದೇವರಿಗೆ.
ರಾತ್ರಿ ಎರಡಕ್ಕೆದ್ದು, ಮೊಬೈಲ್ ಬೆಳಕಿಗೆ
ಪೇಢೆ ಡಬ್ಬಿಯ ಕೆಂಪು ಹಾಳಿ ಹಿಡದು
ಕುಕ್ಕರಗಾಲಿಲೆ ಕೂಡತೇನಿ.
ನಾಲ್ವತ್ತು ರಾತ್ರ್ಯಾಗ ಕಂಡದ್ದು ಏಳು ಸಲ.
ನಾನೂ ಒಂದು ವಹಿ ಹಾಕೇನಿ.

ಶನಿವಾರ, ಹಿಂದ ನೆಲ ಒತ್ತಿದ ಸಪ್ಪಳ.
ಬಾಜೂಕ ಬಂದು ಕುಂತ್ರು ಅವರು, ಬನಿಯನ್‌ನ್ಯಾಗ,
ಮೊಣಕಾಲ ಲಟಕ್ ಅಂತು.
ಅನಸವ್ವ ಸಿಕ್ಕಿದ್ಲು ಅಂದ್ರು, ಸಣ್ಣ ದನಿಲೆ.
ಬೆಂಡ್ವಾಲಿ ಹೆಂಗ ಆಗ್ಯಾವ ಅಂತ ಕೇಳಿದ್ಲು.

ನಾ ಬಾಯಿ ತಗದೆ.
ಶ್, ಅಂದ್ರು ಅವರು,
ನನ್ನ ಮುಂಗೈ ಹಿಡದು ಬೆಳಕು ತುಸು ಕೆಳಗಿಳಿಸಿ,
ಬಂತು ನೋಡು.