ಹೊಟ್ಟಿನಡಿಯ ಐಸು

ನಮ್ಮ ನದಿಯ ಹೆಸರಲ್ಲಿ ಹೇಮವಿದೆ, ಹಿಮವಿಲ್ಲ.
ಒಂದು ಗುಡಿಸಿನಷ್ಟೇ ದೂರ, ಅಷ್ಟೆ,
ಆದರೆ ಆ ಗುಡಿಸು ಹತ್ತಲು ಮೂರು ರೈಲು, ಒಂದು ಜೀಪು,
ಕೊನೆಗೆ ಎರಡು ದಿನ ಕಾಲ್ನಡಿಗೆ.

ಒಮ್ಮೆ ಹೋಗಿದ್ದೆ. ಹದಿನೇಳು ದಿನ.
ಹೆಸರಿಲ್ಲದ, ನಂಬರು ಮಾತ್ರ ಇರುವ ಹಿಮನದಿಯ ಬೆನ್ನಿಗೆ
ಬಿದಿರ ಗಳು ಚುಚ್ಚಿ ಬಂದೆ,
ಜ್ವರ ನೋಡುವವಳ ಹಾಗೆ.
ಈಗ ಡೈರಿ ಸರ್ಕಲ್ ಹಿಂದಿನ ಬಾಡಿಗೆ ರೂಮಿನಲ್ಲಿ
ಅದನ್ನು ಕಂಪ್ಯೂಟರಿನೊಳಗೆ ಕರಗಿಸುತ್ತೇನೆ:
ಸೊನ್ನೆಯ ಮೇಲಿನ ಒಂದೊಂದು ಡಿಗ್ರಿಗೂ
ಇಷ್ಟಿಷ್ಟು ಮಿಲಿಮೀಟರು.

ಲೆಕ್ಕ ತಾಳೆಯಾಗುತ್ತಿರಲಿಲ್ಲ.
ನನ್ನ ಹಿಮ ಬೇಗ ಬೇಗ ಸಾಯುತ್ತಿತ್ತು,
ಅಲ್ಲಿಯದು ಇನ್ನೂ ಉಸಿರಾಡುತ್ತಿತ್ತು.
‘ನಮಗ್ಯಾಕ್ ಮೇಡಂ ಹಿಮ?’ ಅಂತಾನೆ ಕೊನೆ ಬೆಂಚಿನ ಧರಣೇಶ,
‘ಗೊರೂರು ಡ್ಯಾಮ್ ತುಂಬಿದ್ರೆ ಸಾಲ್ದಾ?’
ಉತ್ತರ ಇತ್ತು. ಗಂಟೆ ಹೊಡೆಯಿತು.

ಭಾನುವಾರ ಬಂಗುಡೆ ತರಲು ಹೋದೆ.
ಘಾಟಿ ಹತ್ತಿ ಬಂದ ಲಾರಿ ಇನ್ನೂ ಉಪ್ಪು ಬೆವರುತ್ತಿತ್ತು.
ಉಮ್ಮರಬ್ಬನ ಅಂಗಡಿ ಮುಂದೆ ಎರಡು ಐಸು ದಿಮ್ಮಿ,
ಒಂದಕ್ಕೆ ಗೇಣೆತ್ತರ ಮರದ ಹೊಟ್ಟು,
ಇನ್ನೊಂದಕ್ಕೆ ಬರೀ ರಸ್ತೆಯ ಧೂಳು.
ಧೂಳಿನದು ಆಗಲೇ ಸೊಂಟ ಸಣ್ಣ ಮಾಡಿಕೊಂಡಿತ್ತು.

‘ಚೂರು ಕೊಳೆ ಕೂತ್ರೆ ಬಿಸಿಲನ್ನ ಕರೀತದೆ ಮೇಡಂ,
ಜಾಸ್ತಿ ಹೊದಿಸಿದ್ರೆ ಅದೇ ಕೊಳೆ ಕಂಬಳಿ.’
ಮೀನಿನ ಹೊಟ್ಟೆ ಸೀಳುತ್ತ ಹೇಳಿದ,
ತಲೆ ಎತ್ತಲಿಲ್ಲ.

ನಾನು ಬಂಗುಡೆ ಮರೆತೆ.
ಹಿಮನದಿಯ ಕೆಳಗಣ ಮೈಯೆಲ್ಲ ಕಲ್ಲು, ಜಲ್ಲಿ, ಬೂದಿಮಣ್ಣು.
ಅದನ್ನು ನಾನು ಬೆತ್ತಲೆ ಎಂದು ಬರೆದುಕೊಂಡಿದ್ದೆ.

ಮುಂದಿನ ಭಾನುವಾರ ಎರಡು ಬಕೆಟ್ಟು, ಒಂದು ಅಳತೆ ಲೋಟ.
ಅರ್ಧ ಗಂಟೆಗೊಮ್ಮೆ ಸುರಿದು ಬರೆಯುವುದು.
ಬೆಕ್ಕು ಒಮ್ಮೆ ನನ್ನ ಅಂಕಿಅಂಶಗಳನ್ನು ನೆಕ್ಕಿತು.
ಮೀನು ಕೊಳ್ಳಲು ಬಂದ ಹೆಂಗಸು ಕೇಳಿದಳು,
‘ಈ ನೀರು ಔಷಧಿಗಾ?’

ಹತ್ತಕ್ಕೆ ತೊಟ್ಟು, ಹನ್ನೆರಡಕ್ಕೆ ದಾರ,
ಒಂದೂವರೆಗೆ ಧಾರೆ.
ಮೂರಕ್ಕೆ ಬಿಸಿಲು ಹಾಗೇ ಇತ್ತು,
ಧಾರೆ ಮಾತ್ರ ಮತ್ತೆ ದಾರ.
ಕರಗಲು ಮನಸ್ಸಿತ್ತು, ಮೈ ಇರಲಿಲ್ಲ.

ಆ ಕಣಿವೆಯಲ್ಲಿ ಈಗ ಒಂದೂವರೆ ಗಂಟೆ.
ಕಾಲುವೆ ತುಂಬಿ ಹರಿಯುತ್ತದೆ,
ಬಟಾಣಿ ಬಿಟ್ಟು ಸೇಬು ನೆಟ್ಟಿದ್ದಾರೆ,
ಹೊಸ ಗಿರಣಿ ಬಂದಿದೆ, ನೀರ ಮೇಲೆ ಜಗಳ ನಿಂತಿದೆ.
ಬಡ್ಡಿ ಎಂದುಕೊಂಡು ಅಸಲು ಉಣ್ಣುತ್ತಿದ್ದಾರೆ.
ನನಗೆ ಉಣ್ಣೆ ಶಾಲು ಕೊಟ್ಟ ಮನೆಯವಳೂ.

‘ನೀರು ಜೋರಾದ್ರೆ ನಂಗೆ ಹೆದರಿಕೆ’ ಅಂದ ಉಮ್ಮರಬ್ಬ,
‘ಆಗ್ಲೇ ಫ್ಯಾಕ್ಟರಿಗೆ ಫೋನ್ ಹಾಕ್ತೇನೆ.
ನಿಂತ ಮೇಲೆ ಹಾಕಿದ್ರೆ ಮೀನು ಹೋಯ್ತು.’
ಕೈ ಒರೆಸಿ, ಕಿವಿಗಿಟ್ಟು,
ಇನ್ನೆರಡು ದಿಮ್ಮಿ ಹೇಳಿದ.
ನಾನು ಸುಮ್ಮನೆ ಅವನ ಫೋನು ನೋಡುತ್ತ ನಿಂತೆ.

ಹೊಟ್ಟಿನ ದಪ್ಪಕ್ಕೊಂದು ಹೊಸ ಅಂಕಿ ಹಾಕಿ
ರಾತ್ರಿಯಿಡೀ ಓಡಿಸಿದೆ.
ನದಿ ತುಂಬಿ ಇಳಿಯತೊಡಗುವ ವರ್ಷ
ಎಂಟು ವರ್ಷ ಮುಂದೆ ಹೋಯಿತು.
ಎಂಟು. ಈಗ ಹುಟ್ಟಿದ ಮಗು ಮೂರನೇ ಕ್ಲಾಸಿಗೆ ಹೋಗುವಷ್ಟು.
ಖುಷಿಯಾಗಬೇಕೋ ಬೇಡವೋ ತಿಳಿಯದೆ
ಚಹಾ ಕಾಯಿಸಿದೆ, ಉಕ್ಕಿಸಿದೆ.
ಜೊತೆಗೆ, ಎರಡು ಬಕೆಟ್ಟಿನಿಂದ ಬೆಟ್ಟ ಹೇಳಲಾಗದು,
ಅದೂ ಗೊತ್ತು. ಇನ್ನಷ್ಟು ಗಳು ಬೇಕು, ಇನ್ನೊಂದು ಬೇಸಿಗೆ.

ಗುಣಾಂಕದ ಪಕ್ಕದ ಕಾಲಮ್ಮಿನಲ್ಲಿ
‘ಮೂಲ’ ಎಂದು ಕೇಳುತ್ತದೆ. ಖಾಲಿ ಬಿಡುವ ಹಾಗಿಲ್ಲ.
ಬರೆದೆ: ಉಮ್ಮರಬ್ಬ, ಮೀನು ಮಾರ್ಕೆಟ್, ಹಾಸನ.
ಅಳಿಸುವ ಕೀಲಿಯ ಮೇಲೆ ಬೆರಳು ಸ್ವಲ್ಪ ಹೊತ್ತು ಇತ್ತು.

ಕಿಟಕಿಯಾಚೆ ಹಾಲಿನ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು.
ನೋಟುಪುಸ್ತಕ ಇನ್ನೂ ಬಂಗುಡೆ ವಾಸನೆ.