ಎಳೆ ಹಿಡಿಯುವವನು

ಕ್ರಿಯಾಟಿನಿನ್ ನಾಲ್ಕೂವರೆ. ಎಕೋದಲ್ಲಿ ಗೋಡೆ ದಪ್ಪ.
ಗುಂಡಿಗೆಯಿಂದ ಕಿಡ್ನಿ ಕೆಟ್ಟಿತೋ, ಕಿಡ್ನಿಯಿಂದ ಗುಂಡಿಗೆಯೋ?
ಕೇಳಿದೆ. ಚಿಕ್ಕಬಳ್ಳಾಪುರದ ಡಾಕ್ಟರಮ್ಮ
ಚೀಟಿಯ ಹಿಂದೆ ಎರಡು ಸೊನ್ನೆ ಬರೆದು ನಡುವೆ ಗೆರೆ ಎಳೆದರು:
ಒಳಗೊಂದು ಕಿಣ್ವ ಇರುತ್ತೆ ಪ್ಯಾರೇಜಾನ್,
ಹರಿದದ್ದನ್ನು ಕೂಡಿಸುವಂಥದ್ದು.
ವಯಸ್ಸಾದಂತೆ ಕಮ್ಮಿಯಾಗುತ್ತೆ. ಎರಡೂ ಕಡೆ.

ನನಗೆ ಅರ್ಥವಾಯಿತು. ನಲವತ್ತು ವರ್ಷ
ಶಿಡ್ಲಘಟ್ಟದಲ್ಲಿ ಕುದಿನೀರಿನ ಬಾಣಲೆ ಮುಂದೆ ಕೂತವನು.
ರಾಟೆ ನಿಲ್ಲುವುದಿಲ್ಲ; ಎಳೆ ಕಡಿಯುತ್ತದೆ;
ಬೆರಳು ಹೋಗಿ ಹೊಸ ಗೂಡಿನ ತುದಿ ಹಿಡಿದು
ಓಡುವ ನೂಲಿಗೇ ಅಂಟಿಸಬೇಕು,
ಕೊಳ್ಳುವವನ ಕಣ್ಣಿಗೆ ಕಾಣದ ಹಾಗೆ.
ಈಗೀಗ ಎರಡು ಕಡಿದರೆ ಒಂದು ಸಿಗುತ್ತದೆ.
ನೂಲು ತೆಳ್ಳಗೆ, ಇನ್ನೂ ತೆಳ್ಳಗೆ.
ರಾಟೆಗೆ ಅದರ ಗೊಡವೆಯಿಲ್ಲ.

ಹುಳಕ್ಕೂ ಒಂದು ಕಿಣ್ವ ಉಂಟು, ಚಿಟ್ಟೆಯಾದ ಮೇಲೆ
ಬಾಯಿಂದ ಜಿನುಗಿ ಗೂಡನ್ನೇ ಕರಗಿಸುವುದು.
ತೂತು ಬಿದ್ದ ಗೂಡು ನಮಗೆ ನಷ್ಟ;
ಅದಕ್ಕೇ ಮುಂಚೆ ಬೇಯಿಸಿಬಿಡುತ್ತೇವೆ.
ಎಷ್ಟು ಲಕ್ಷ ಬಾಯಿ ಮುಚ್ಚಿಸಿದೆನೋ.

ಉಪ್ಪು ಬಿಡಿ, ಅಂದರು. ಬಿಡ್ತೀನಿ, ಅಂದೆ.
ಬಸ್ಸಿನಲ್ಲಿ ಮಣಿಕಟ್ಟು ಹಿಡಿದು ಕೂತೆ:
ಓಡುತ್ತಿದೆ. ನಡುವೆ ಒಂದು ತಪ್ಪುತ್ತದೆ,
ಯಾರೋ ಮುದುಕ, ಒಳಗೆ, ತಡವಾಗಿ
ಎತ್ತಿಕೊಳ್ಳುತ್ತಾನೆ.