ಅರ್ಧ ಕಾಳು

ಚಳ್ಳಕೆರೆಯಿಂದ ಐದರ ಬಸ್ಸು.
ಚಿತ್ರದುರ್ಗದ ಗುಡ್ಡದ ಮೇಲೆ ಆಗಷ್ಟೇ ಬೆಳಕು;
ಗಾಳಿಯಂತ್ರ ಎಣಿಸಿದಳು ಗಗನ.
ಹದಿಮೂರು. ಅದರಲ್ಲೊಂದು ನಿಂತಿದೆ.
'ಅದಕ್ಕೇನಾಗಿದೆ ಅಪ್ಪಾ?'
ಹುಷಾರಿಲ್ಲ ಅನ್ನಬಾರದೆಂದು
'ಸುಸ್ತಾಗಿದೆ' ಅಂದೆ.

ಮೂರು ಸಲ ಮಿಂದಿದ್ದೆ. ಅಂಗಿ ಹೊಸದು,
ದಾವಣಗೆರೆಯಲ್ಲಿ ಇಳಿಯುವಾಗ
ಕಾಲರಿನಲ್ಲಿ ಉಳಿದ ಗುಂಡುಪಿನ್ನು ಕತ್ತಿಗೆ ಚುಚ್ಚಿತು.

ಹನ್ನೆರಡು ವರ್ಷದಿಂದ ಎಣ್ಣೆ ಮಿಲ್ಲಿನಲ್ಲಿ ನಾನು.
ಸಿಪ್ಪೆ ಸುಲಿಯುವ ಯಂತ್ರದ ಬಾಯಿಗೆ ಮೂಟೆ ಸುರಿಯುವ ಕೆಲಸ.
ಹುಬ್ಬಿನಲ್ಲಿ ಶೇಂಗಾ, ಜೇಬಿನ ಹೊಲಿಗೆಯಲ್ಲಿ ಶೇಂಗಾ,
ಬೆವರೊರೆಸಿದರೆ ಟವೆಲ್ಲಿಗೂ ಅದೇ ಕೆಂಪು ಹೊಟ್ಟು.
ಅವಳಿಗಿನ್ನೂ ವರ್ಷ ತುಂಬಿರಲಿಲ್ಲ,
ಅಜ್ಜಿ ನಾಲಿಗೆಗೆ ಸವರಿದ ಒಂದು ಬೆರಳು ಚಟ್ನಿಗೆ
ಮುಖ ಊದಿ, ಕಣ್ಣು ಮುಚ್ಚಿ, ಉಸಿರು ಸಿಳ್ಳೆ ಹೊಡೆದು
ಆವತ್ತಿನಿಂದ ಬಚ್ಚಲು ದಾಟದೆ ಮಗಳನ್ನು ಮುಟ್ಟಿಲ್ಲ.
ಬಾಗಿಲಿಗೆ ಓಡಿ ಬಂದರೆ ಎರಡೂ ಕೈ ಮೇಲೆತ್ತಿ
ಹಿಂದೆ ಸರಿಯುತ್ತೇನೆ, ಪೊಲೀಸರು ಹಿಡಿದವನ ಹಾಗೆ.
ಅವಳಿಗದು ಆಟ.
ಅವಳೂ ಕೈ ಎತ್ತುತ್ತಾಳೆ.

ಒಳಗೆ ಒಬ್ಬರಿಗೇ ಜಾಗ. ಅನಸೂಯ ಹೇಳಿದಳು:
'ನೀವೇ ಹೋಗಿ. ನಾನಾದ್ರೆ
ಅವಳಿಗಿಂತ ಮೊದ್ಲು ನಾನೇ ಅಳ್ತೀನಿ.'

ಮೂರು ಕಡೆ ಸಹಿ.
ಮೂಟೆ ಎಣಿಸಿ ಹಾಕಿದ ಸಹಿಗಳಿಗೆ ಲೆಕ್ಕವಿಲ್ಲ,
ಇವತ್ತು ನನ್ನ ಹೆಸರಿನಲ್ಲೇ ಒಂದಕ್ಷರ ಬಿಟ್ಟೆ.
ಸಿಸ್ಟರ್ ತಿದ್ದಿಸಿದರು.

ಟ್ರೇಯಲ್ಲಿ ಸೂಜಿಮದ್ದು ಮೊದಲೇ ತುಂಬಿಟ್ಟಿದೆ.
ಬೆರಳಿಗೆ ಕ್ಲಿಪ್ಪು, ಕ್ಲಿಪ್ಪಿನೊಳಗೆ ಕೆಂಪು ದೀಪ.
'ನನ್ನೊಳಗೆ ಲೈಟಿದೆ' ಎಂದು ಹಿಗ್ಗಿದಳು.
ನಾನು ಕ್ವಿಂಟಾಲಿನಲ್ಲಿ ಕಂಡದ್ದನ್ನು
ಡಾಕ್ಟರಮ್ಮ ಗಾಜಿನ ಗೂಡಿನ ತಕ್ಕಡಿಯಲ್ಲಿಟ್ಟು
ಸಾಸಿವೆಯಷ್ಟು ತೂಗಿದರು, ಬಾಳೆಹಣ್ಣಿನಲ್ಲಿ ಕಿವುಚಿ
ಚಮಚ ನನ್ನ ಕೈಗಿಟ್ಟರು.
'ಗೊತ್ತಿರೋ ಕೈ ಆದ್ರೆ ಬಾಯಿ ತೆಗೀತಾಳೆ.'

ಈ ಕೈಯಾ.

ತೆಗೆದಳು.
ಇಪ್ಪತ್ತು ನಿಮಿಷ. ಅವಳು ಆನೆಗೆ ಬಣ್ಣ ತುಂಬಿದಳು,
ನಾನು ಅವಳ ತುಟಿ ನೋಡುತ್ತ ಕೂತೆ.
ಎರಡನೆಯ ಚಮಚ. ಮತ್ತೆ ಇಪ್ಪತ್ತು.
ಕೆನ್ನೆಯ ಮೇಲೊಂದು ಕೆಂಪು! ಎದ್ದೇ ಬಿಟ್ಟೆ.
ಸಿಸ್ಟರ್ ಬೆರಳಿನಿಂದ ಒರೆಸಿದರು. ಕ್ರೆಯಾನು.
ಮೂರನೆಯದು ಕಾಲು ಕಾಳು. ಏನೂ ಇಲ್ಲ.
'ಅಪ್ಪಾ, ಆ ನಿಂತಿದ್ದು ಈಗ ತಿರುಗ್ತಿರುತ್ತಾ?'
ಕಿಟಕಿಯಾಚೆ ಯಾರದೋ ದೋಸೆಹಂಚಿನ ಬೆಣ್ಣೆ ವಾಸನೆ.
ಬೆಳಗಿನಿಂದ ಉಂಡಿಲ್ಲವೆಂದು ನೆನಪಾಯಿತು,
ನೆನಪಾಗಿದ್ದಕ್ಕೆ ನಾಚಿಕೆಯಾಯಿತು.

ನಾಲ್ಕನೆಯದು ಅರ್ಧ ಕಾಳು.
ಹನ್ನೊಂದನೇ ನಿಮಿಷಕ್ಕೆ ಮಾತು ನಿಂತಿತು.
'ಗಂಟಲಲ್ಲಿ ಇರುವೆ ಓಡಾಡ್ತಿದೆ.'
ಲಂಗ ಸರಿಸಿದರೆ ಹೊಟ್ಟೆಯ ತುಂಬ ದದ್ದು. ಕೆಮ್ಮು.
'ಬಿಗಿಯಾಗಿ ಹಿಡ್ಕೊಳ್ಳಿ' ಅಂದರು ಡಾಕ್ಟರಮ್ಮ.
ಹಿಡಿದೆ. ತೊಡೆಗೆ ಸೂಜಿ.
ಅವಳ ಚೀರು ನನ್ನ ಎದೆಮೂಳೆಯೊಳಗೆ ಹೋಯಿತು.
ಹೊರಗೆ ಬೆಂಚು ಸರಿದ ಸದ್ದು. ಅನಸೂಯ.

ಕಾಲು ಗಂಟೆಯಲ್ಲಿ ಇರುವೆಗಳು ಹೋದವು.
ದದ್ದು ಮಾಸಲು ಇನ್ನಷ್ಟು ಹೊತ್ತು.
ನಾಲ್ಕು ಗಂಟೆ ಅಲ್ಲೇ ಇಟ್ಟುಕೊಂಡರು,
ಆನೆ ಅರ್ಧಕ್ಕೇ ಉಳಿಯಿತು.
'ಫೇಲಾ ಮೇಡಂ?' ಅಂದೆ.
'ಗಡಿ ಎಲ್ಲಿದೆ ಅಂತ ಗೊತ್ತಾಯ್ತು, ಅಷ್ಟೆ.
ಹೊರಗಿನ ತಿಂಡಿಗೆ ಈಗಲೂ ಅದೇ ಎಚ್ಚರ. ವರ್ಷ ಬಿಟ್ಟು ಮತ್ತೆ ನೋಡೋಣ.
ಆದರೆ ಕಾಲು ಕಾಳು ಹೊಟ್ಟೆಗೇ ಹೋಗಿ ಸುಮ್ಮನಿತ್ತಲ್ಲ,
ನಿಮ್ಮ ಅಂಗಿ ಧೂಳಿಗೆ ಇಷ್ಟು ಹೆದರಬೇಡಿ.
ಕೈ ತೊಳೆದು ಎತ್ಕೊಳ್ಳಿ ಮಗೂನ.'

ಮರುಭಾನುವಾರದ ತನಕ ರಜೆ ಹಾಕಿದ್ದೆ.
ಸೋಮವಾರ ಮಿಲ್ಲಿನಿಂದ ಬಂದೆ, ಹುಬ್ಬು ಬೆಳ್ಳಗೆ.
ಓಡಿ ಬಂದಳು. ರೂಢಿ, ಕೈ ತಾನಾಗಿ ಮೇಲೆ ಹೋಯಿತು.
ಎದುರಿಗೆ ಅವಳ ಕೈಯೂ.
ಹಾಗೇ ನಿಂತೆವು ಇಬ್ಬರೂ.
ನಲ್ಲಿ ಬಿಟ್ಟು ಮಣಿಕಟ್ಟಿನ ತನಕ ತೊಳೆದೆ, ಇಷ್ಟೇ ಸಾಕಾ
ಎಂದು ಅನಸೂಯಳ ಮುಖ ನೋಡಿದೆ.
ಎತ್ತಿಕೊಂಡೆ.

ಕತ್ತಿನ ಮಡಿಕೆಗೆ ಮೂಗಿಟ್ಟು ಕೇಳಿದಳು:
'ಇದು ನಿನ್ನ ವಾಸನೇನಾ, ಶೇಂಗಾದ್ದಾ?'

ಯಾರಿಗೆ ಗೊತ್ತು.